ಮನೆಯೊಳಗಿನ ಮೇಳ

ಕ್ಯಾಸೆಟ್ಟಿನ ಕಾಲ ಕಂಡವರಿಗೆಲ್ಲ ಒಂದು ಭಯ ಗೊತ್ತು. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರೆ ಹೊಸದು ದಾಖಲಾಗುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಅಜ್ಜಿಯ ಸೋಬಾನೆ ಪದದ ಮೇಲೆ ಕ್ರಿಕೆಟ್ ಕಾಮೆಂಟರಿ ಬಂದು ಕೂತ ಮನೆಗಳು ಎಷ್ಟಿವೆಯೋ! ಈ ಭಯವನ್ನು ಮಗ್ಗುಲಲ್ಲೇ ಇಟ್ಟುಕೊಂಡು, ತಮ್ಮ ಮನೆಯಲ್ಲೇ ಹಾಡು ಕಟ್ಟಿದ ಗಂಡಹೆಂಡತಿ ಅಮೆರಿಕದಲ್ಲಿದ್ದರು. ಗಂಡ ಲೆಸ್ ಪಾಲ್. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲಿ ಅವನ ಹೆಸರು ದೊಡ್ಡದು. ಹೆಂಡತಿ ಮೇರಿ ಫೋರ್ಡ್. ಅವಳ ನಿಜವಾದ ಹೆಸರು ಕಾಲೀನ್ ಸಮ್ಮರ್ಸ್. ಮದುವೆಗೆ ಮೊದಲೇ ರೇಡಿಯೋದಲ್ಲಿ ಹಾಡುತ್ತಿದ್ದವಳು, ಗಿಟಾರನ್ನೂ ಚೆನ್ನಾಗಿ ನುಡಿಸಬಲ್ಲವಳು.

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯಲ್ಲಿ ಸದ್ದಿಲ್ಲ. ತಂತಿಯ ನಡುಕವನ್ನು ಅಯಸ್ಕಾಂತ ಹಿಡಿದು ವಿದ್ಯುತ್ತನ್ನಾಗಿ ಮಾಡುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಹೊರಗೆಡಹುತ್ತದೆ. ಸ್ಟುಡಿಯೋಗಳಲ್ಲಿ ಆ ಪೆಟ್ಟಿಗೆಯ ಮುಂದೆ ಮೈಕು ಇಟ್ಟು ಧ್ವನಿ ಹಿಡಿಯುವುದು ವಾಡಿಕೆ. ಆಗ ಪೆಟ್ಟಿಗೆಯ ಬಣ್ಣವೂ ಕೋಣೆಯ ಬಣ್ಣವೂ ಧ್ವನಿಗೆ ಅಂಟುತ್ತವೆ. ಲೆಸ್‌ಗೆ ಅದು ಬೇಡವಾಗಿತ್ತು. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಗಿಟಾರಿನ ವೈರನ್ನು ನೇರವಾಗಿ ರೆಕಾರ್ಡಿಂಗ್ ಸಲಕರಣೆಗೇ ಜೋಡಿಸುವುದು ಅವನ ಪದ್ಧತಿ. ಗಾಜಿನಂಥ ಸ್ವಚ್ಛ ನಾದ ಅದರಿಂದ ಬಂತು.

ಮೊದಲು ಅವನ ಕೆಲಸ ನಡೆದದ್ದು ಹಾಲಿವುಡ್ಡಿನ ಮನೆಯ ಗ್ಯಾರೇಜಿನಲ್ಲಿ. ತಟ್ಟೆ ಕೊರೆಯುವ ಯಂತ್ರವನ್ನು ಕ್ಯಾಡಿಲಾಕ್ ಕಾರಿನ ಫ್ಲೈವೀಲ್ ಹಾಕಿ ತಾನೇ ಮಾಡಿಕೊಂಡಿದ್ದ. ಒಂದು ತಟ್ಟೆಯಲ್ಲಿ ನುಡಿಸುವುದು, ಅದನ್ನು ಹಾಕಿಕೊಂಡು ಜೊತೆಗೆ ಇನ್ನೊಮ್ಮೆ ನುಡಿಸಿ ಎರಡನ್ನೂ ಮತ್ತೊಂದು ತಟ್ಟೆಗೆ ಇಳಿಸುವುದು. ಕೆಲವು ಭಾಗಗಳನ್ನು ನಿಧಾನ ವೇಗದಲ್ಲಿ ದಾಖಲಿಸಿ ಮಾಮೂಲು ವೇಗದಲ್ಲಿ ಓಡಿಸಿದರೆ ಗಿಟಾರು ಹಕ್ಕಿಯ ಹಾಗೆ ಉಲಿಯುತ್ತದೆ. 1948ರಲ್ಲಿ ಬಂದ ‘ಲವರ್’ ರೆಕಾರ್ಡಿನಲ್ಲಿ ಎಂಟು ಗಿಟಾರುಗಳು. ನುಡಿಸಿದವನು ಒಬ್ಬನೇ.

ಆ ವರ್ಷದ ಜನವರಿಯಲ್ಲೇ ಒಕ್ಲಹೋಮಾದ ಹೆಪ್ಪುಗಟ್ಟಿದ ರಸ್ತೆಯಲ್ಲಿ ಅವರ ಕಾರು ಜಾರಿ ಉರುಳಿ, ಲೆಸ್‌ನ ಬಲಮೊಣಕೈ ಪುಡಿಯಾಯಿತು. ಚಕ್ರ ಹಿಡಿದಿದ್ದವಳು ಅವಳು. ಗಿಟಾರು ನುಡಿಸಲು ಬರುವಂತೆ ಕೈಯನ್ನು ಮಡಿಸಿದ ಭಂಗಿಯಲ್ಲೇ ಕೂಡಿಸಿಕೊಡಿ ಎಂದು ಅವನು ವೈದ್ಯರನ್ನು ಕೇಳಿಕೊಂಡ. 1949ರ ಕೊನೆಯಲ್ಲಿ ಇಬ್ಬರೂ ಮದುವೆಯಾದರು.

ಗಾಯಕ ಬಿಂಗ್ ಕ್ರಾಸ್ಬಿ ಅದೇ ವರ್ಷ ಲೆಸ್‌ಗೆ ಆಂಪೆಕ್ಸ್ ಕಂಪನಿಯ ಟೇಪ್ ಯಂತ್ರವೊಂದನ್ನು ಉಡುಗೊರೆ ಕೊಟ್ಟ. ಅದರಲ್ಲಿ ಟೇಪು ಮೊದಲು ಅಳಿಸುವ ಹೆಡ್ಡಿನ ಮುಂದೆ, ಆಮೇಲೆ ಬರೆಯುವ ಹೆಡ್ಡಿನ ಮುಂದೆ ಹಾದುಹೋಗುತ್ತದೆ. ಲೆಸ್ ಅಳಿಸುವ ಹೆಡ್ಡಿಗೂ ಮೊದಲು, ಓದುವ ಹೆಡ್ಡು ಒಂದನ್ನು ಹೆಚ್ಚಿಗೆ ಕೂಡಿಸಿದ. ಹಳೆಯ ಧ್ವನಿ ಅಳಿಯುವ ಮುನ್ನ ಅದನ್ನು ಎತ್ತಿಕೊಂಡು, ಈಗ ಹಾಡುತ್ತಿರುವುದರ ಜೊತೆ ಬೆರೆಸಿ, ಮತ್ತೆ ಅದೇ ಟೇಪಿಗೆ ಬರೆಯುವ ಉಪಾಯ. ಒಂದೇ ಯಂತ್ರ ಸಾಕು, ಊರೂರಿಗೆ ಹೊತ್ತೊಯ್ಯಬಹುದು. ಆದರೆ ತಟ್ಟೆಯ ಕಾಲದಲ್ಲಿ ತಪ್ಪಿದರೆ ಹಿಂದಿನ ತಟ್ಟೆ ಉಳಿದಿರುತ್ತಿತ್ತು. ಇಲ್ಲಿ ಹಿಂದಿನದು ಹೋಗಿಯೇ ಬಿಟ್ಟಿರುತ್ತದೆ. ಹತ್ತನೆಯ ಸಲ ಹಾಡುವಾಗ ಸ್ವರ ಒಂದಿಷ್ಟು ಜಾರಿದರೆ ಒಂಬತ್ತು ಸಲದ ಶ್ರಮವೂ ನೀರಿನಲ್ಲಿ ಹೋಮ. ಸಲಕರಣೆ ಸುಲಭವಾಯಿತು ಎನ್ನುತ್ತೇವೆ, ಸುಲಭ ಯಾರಿಗೆ ಎಂದು ಕೇಳುವುದಿಲ್ಲ.

1951ರ ಜನವರಿಯಲ್ಲಿ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿದ್ದ ಅವರ ಅಪಾರ್ಟ್‌ಮೆಂಟಿನಲ್ಲಿ ‘ಹೌ ಹೈ ದ ಮೂನ್’ ಹೀಗೆಯೇ ತಯಾರಾಯಿತು. ಮೇರಿ ತನ್ನ ದನಿಗೆ ತಾನೇ ಜೊತೆಯಾಗಿ ಹಾಡುತ್ತಾ ಹೋದಳು. ಗಿಟಾರಿಗೇನು, ವೈರಿನೊಳಗೆ ಗುಟ್ಟಾಗಿ ಹೋಗುತ್ತದೆ, ಹೊರಗಿನ ಗದ್ದಲ ಅದಕ್ಕೆ ತಾಕುವುದಿಲ್ಲ. ಹಾಡುವ ಗಂಟಲಿಗೆ ಮಾತ್ರ ಗಾಳಿ ಬೇಕು, ಮೈಕು ಬೇಕು. ನೆರೆಮನೆಯ ಬಾಗಿಲು, ಬೀದಿಯ ಹಾರನ್ನು, ಹತ್ತಿರದ ಲಾಗಾರ್ಡಿಯಾ ನಿಲ್ದಾಣದ ವಿಮಾನ, ಮನೆಯಲ್ಲಿ ರೆಕಾರ್ಡು ಮಾಡುವಾಗ ಇವೆಲ್ಲವೂ ಮೈಕಿಗೇ ಬಂದು ಬೀಳುವಂಥವು. ಆಗ ಗಾಯಕರು ಮೈಕಿನಿಂದ ದೂರ ನಿಲ್ಲುವುದು ರೂಢಿ. ಮೇರಿ ಕೆಲವೇ ಅಂಗುಲ ದೂರದಲ್ಲಿ, ಕಿವಿಯಲ್ಲಿ ಗುಟ್ಟು ಹೇಳುವಂತೆ ಹಾಡಿದಳು. ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9 ವಾರ ಮೊದಲನೆಯ ಸ್ಥಾನದಲ್ಲಿತ್ತು.

ಅವರ ರೇಡಿಯೋ ಕಾರ್ಯಕ್ರಮದಲ್ಲಿ ಒಂದು ತಮಾಷೆ ಬರುತ್ತಿತ್ತು. ಏನನ್ನು ಒಳಗೆ ಹಾಕಿದರೂ ಹಲವಾಗಿಸುವ ‘ಲೆಸ್ ಪಾಲ್ವರೈಸರ್’ ಎಂಬ ಯಂತ್ರವಿದೆ ಎಂದು ಲೆಸ್ ಕೊಚ್ಚಿಕೊಳ್ಳುವುದು. ಮೇರಿ ಆ ಯಂತ್ರದಲ್ಲಿ ತನ್ನನ್ನೂ ತನ್ನ ವ್ಯಾಕ್ಯೂಮ್ ಕ್ಲೀನರನ್ನೂ ಹಲವಾಗಿಸಿ, ಮನೆಗೆಲಸ ಬೇಗ ಮುಗಿಸಿಬಿಡುತ್ತಿದ್ದಳು! ನಮ್ಮಲ್ಲಿ ಯಾರಿಗೆ ಬೇಡ ಹೇಳಿ, ಅಂಥದೊಂದು ಯಂತ್ರ? 1953ರಿಂದ ಟೆಲಿವಿಷನ್ ಕಾರ್ಯಕ್ರಮ ಶುರುವಾದಾಗ ಅದನ್ನೂ ನ್ಯೂಜೆರ್ಸಿಯ ಮಾವಾದಲ್ಲಿದ್ದ ಅವರ ಮನೆಯಲ್ಲೇ ತೆಗೆದರು. ಮನೆಯೇ ಸ್ಟುಡಿಯೋ, ಮನೆಯೇ ರಂಗಸ್ಥಳ. ಕೆಲಸ ಮುಗಿಸಿ ಮನೆಗೆ ಹೋಗುತ್ತೇನೆ ಎಂದು ಮೇರಿ ಹೇಳಲು ಬೇರೆ ಮನೆಯೆಲ್ಲಿತ್ತು? ಉಳಿದ ದಿನಗಳಲ್ಲಿ ಊರಿಂದೂರಿಗೆ ಕಚೇರಿ. ಆ ತಿರುಗಾಟ ಅವಳಿಗೆ ಸಾಕುಸಾಕಾಯಿತು.

1957ರಲ್ಲಿ ಮಾವಾದ ಮನೆಗೆ ಆಂಪೆಕ್ಸ್‌ನವರು 8 ಟ್ರ್ಯಾಕ್‌ಗಳ ಯಂತ್ರ ತಂದಿಳಿಸಿದರು. ಒಂದೊಂದು ದನಿಗೂ ಟೇಪಿನ ಮೇಲೆ ಪ್ರತ್ಯೇಕ ಓಣಿ. ಒಂದರಲ್ಲಿ ಕೆಮ್ಮಿದರೆ ಉಳಿದ ಏಳು ಕೆಡುವುದಿಲ್ಲ. ಮೇರಿಯ ಕಷ್ಟಕ್ಕೆ ತಕ್ಕ ಯಂತ್ರ ಬಂದದ್ದು ಅವಳ ಜನಪ್ರಿಯತೆಯ ಹೊಳೆ ಇಳಿದ ಮೇಲೆ. ಹುಡುಗರು ಅಷ್ಟರಲ್ಲಿ ರಾಕ್ ಅಂಡ್ ರೋಲ್‌ಗೆ ಕುಣಿಯುತ್ತಿದ್ದರು. 1964ರಲ್ಲಿ ಗಂಡಹೆಂಡಿರ ವಿಚ್ಛೇದನವಾಯಿತು. ಮೇರಿ 1977ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಲೆಸ್ 94ರವರೆಗೆ ಬದುಕಿ, ಕೊನೆಯ ವರ್ಷಗಳಲ್ಲೂ ಸೋಮವಾರ ರಾತ್ರಿಗಳಲ್ಲಿ ನ್ಯೂಯಾರ್ಕಿನಲ್ಲಿ ನುಡಿಸುತ್ತಿದ್ದ. 1988ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿಸಿಕೊಂಡದ್ದು ಅವನೊಬ್ಬನ ಹೆಸರನ್ನು.

ಟೇಪಿನಿಂದ ಟೇಪಿಗೆ ದಾಟುವಾಗ ಪ್ರತಿ ಸಲವೂ ಹಳೆಯ ಪದರ ಸ್ವಲ್ಪ ಮಂಕಾಗುತ್ತದೆ. ಅದಕ್ಕೇ ಲೆಸ್ ಅಷ್ಟು ಮುಖ್ಯವಲ್ಲದ ಭಾಗಗಳನ್ನು ಮೊದಲು ಹಾಕಿ, ಮುಖ್ಯವಾದದ್ದನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದ. ‘ಹೌ ಹೈ ದ ಮೂನ್’ ಕೇಳುವಾಗ ಮುಂದೆ ನಿಂತು ಹಾಡುವ ಮೇರಿ ಸರಿಯಾಗಿ ಕೇಳಿಸುತ್ತಾಳೆ. ನಾನು ಹುಡುಕುವುದು ಎಲ್ಲರಿಗಿಂತ ಹಿಂದಿನವಳನ್ನು, ಮೊದಲು ಹಾಡಿ ಮಂಕಾದವಳನ್ನು. ಕಿವಿಗೊಟ್ಟರೆ ಅವಳೂ ಸಿಗುತ್ತಾಳೆ.