ಹಿಮಗಿರಿಯ ಪ್ರದಕ್ಷಿಣೆ

ಪರ್ವತವೆಂದೊಡನೆ ಶಿಖರವನ್ನೇ ನೆನೆಯುವುದು ರೂಢಿಯಾಗಿಬಿಟ್ಟಿದೆ. ಹತ್ತಿದವನ ಹೆಸರು ಉಳಿಯುತ್ತದೆ, ಸುತ್ತಿದವನನ್ನು ಕೇಳುವವರಿಲ್ಲ. ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತದ ಇತಿಹಾಸವನ್ನು ನೋಡಿದರೆ ಮಾತ್ರ, ಮೊದಲು ಸುತ್ತಿದ್ದರಿಂದಲೇ ಆಮೇಲೆ ಹತ್ತಿದ್ದಕ್ಕೆ ಅರ್ಥ ಬಂದಿತೆನ್ನಬೇಕಾಗುತ್ತದೆ.

1760ರಲ್ಲಿ ಜಿನೀವಾ ನಗರದ ಇಪ್ಪತ್ತು ವರ್ಷದ ತರುಣ ಹೊರೇಸ್ ಬೆನೆಡಿಕ್ಟ್ ದ ಸಸ್ಯೂರ್ ಬುಡದ ಶಾಮೋನಿ ಕಣಿವೆಗೆ ಬಂದು, ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. (ನಮ್ಮ ಎಂ.ಎ. ತರಗತಿಗಳಲ್ಲಿ ಹೆಸರು ಕೇಳಿಬರುವ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸಸ್ಯೂರ್ ಈತನ ಮರಿಮಗ.) ಬಹುಮಾನ ಇಪ್ಪತ್ತಾರು ವರ್ಷ ಯಾರಿಗೂ ದಕ್ಕಲಿಲ್ಲ. ಸಸ್ಯೂರ್ ಸುಮ್ಮನೆ ಕೂಡಲೂ ಇಲ್ಲ. 1767ರಲ್ಲಿ ಆತ ಬೆಟ್ಟವನ್ನೇ ಬಳಸಿ ಬರಲು ಹೊರಟ. ಮುಂದೆಯೂ ಆ ಸುತ್ತನ್ನು ಮತ್ತೆ ಮತ್ತೆ ಕೈಗೊಂಡ.

ಆಗ ಪ್ರವಾಸಿಗರಿಗೆಂದು ಛತ್ರಗಳಿರಲಿಲ್ಲ. ಬೇಸಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಬರುವವರ ಗುಡಿಸಲೇ ತಂಗುದಾಣ. ಬೊನೋಮ್ ಘಾಟಿ, ಅದರಾಚೆ 2,516 ಮೀಟರ್ ಎತ್ತರದ ಸೇನ್ಯ್ ಘಾಟಿ. ಅಲ್ಲಿಂದ ಇಳಿದರೆ ಪರ್ವತದ ಇನ್ನೊಂದು ಮುಖ. ಭಕ್ತನ ಪ್ರದಕ್ಷಿಣೆ ಇದಲ್ಲ, ನಿಜ. ಕಲ್ಲಿನ ಪದರಗಳು ಎತ್ತ ವಾಲಿವೆ, ವಾಯುಭಾರಮಾಪಕದ ಪಾದರಸ ಎಲ್ಲಿಗೆ ಇಳಿಯಿತು ಎಂಬುದೇ ಈತನ ಜಪ. ಆದರೂ ನಡುವಿನದನ್ನು ಮುಟ್ಟದೆ, ಅದರಿಂದ ಕಣ್ಣು ಕೀಳದೆ ನಡೆಯುವ ಶ್ರದ್ಧೆಯನ್ನು ಬೇರೆ ಯಾವ ಹೆಸರಿನಿಂದ ಕರೆಯೋಣ?

1786ರ ಆಗಸ್ಟ್ 8ರಂದು ಶಾಮೋನಿಯ ವೈದ್ಯ ಪಕಾರ್ ಮತ್ತು ಸ್ಫಟಿಕಗಳನ್ನು ಹುಡುಕಿ ಜೀವಿಸುತ್ತಿದ್ದ ಬಲ್ಮಾ ಶಿಖರವನ್ನು ಮುಟ್ಟಿದರು. ಮರುವರ್ಷ ಸಸ್ಯೂರನೂ ಏರಿದ. ಕೆಳಗೆ ವರ್ಷಗಟ್ಟಲೆ ದುಡಿದರೂ ಬಗೆಹರಿಯದಿದ್ದ ಸಂದೇಹಗಳು ಅಲ್ಲಿ ಒಂದೇ ನೋಟಕ್ಕೆ ತೀರಿದವೆಂದು ಆತನೇ ಬರೆದಿದ್ದಾನೆ. ಸುತ್ತದೆ ಏರಿದವನಿಗೆ ಆ ಸಂದೇಹಗಳೇ ಇರುತ್ತಿರಲಿಲ್ಲವಷ್ಟೆ!

ಇಂದು ಆ ದಾರಿ ಸುಮಾರು 170 ಕಿಲೋಮೀಟರ್. ಬೆನ್ನಿಗೆ ಗಂಟು ಕಟ್ಟಿಕೊಂಡು ಜನ ಹತ್ತು ದಿನಗಳಲ್ಲಿ ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರನ್ನೂ ಹಾಯುತ್ತಾರೆ. ಸಸ್ಯೂರನ ಕಾಲಕ್ಕೆ ಶಾಮೋನಿ ಸಾರ್ಡೀನಿಯಾದ ದೊರೆಯದು. ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಗಡಿಗಳು ಬದಲಾದರೂ ಹಿಮ ನಿಲ್ಲುತ್ತದೆಂದು ಆಗ ಯಾರಾದರೂ ಹೇಳಬಹುದಿತ್ತು. ಶಾಮೋನಿಯಿಂದ ಮೋಂತಾನ್ವೇರ್‌ಗೆ ರೈಲು ಬಂದ 1909ರ ಸುಮಾರಿಗೆ ಹಿಮನದಿ ನಿಲ್ದಾಣದ ಕೆಳಗೇ ಹರಡಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಮುಟ್ಟಲು ನೂರಾರು ಮೆಟ್ಟಿಲು ಇಳಿಯಬೇಕಾಯಿತು. ಹಿಮ ಕುಗ್ಗಿದಂತೆಲ್ಲ ಮೆಟ್ಟಿಲುಗಳನ್ನು ಸೇರಿಸುತ್ತ ಹೋದರು.