ಅಕ್ಕಡಿ ಸಾಲಿನ ಸಾಸಿವೆ

ತುಮಕೂರು ಸೀಮೆಯ ನಮ್ಮ ಹೊಲದಲ್ಲಿ ಸಾಸಿವೆಗೆಂದು ಯಾರೂ ನೀರು ಹಾಯಿಸಿದ್ದನ್ನು ನಾನು ಕಂಡಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಸಂಗಡ ಬೀಳುತ್ತಿದ್ದ ಬೀಜ ಅದು. ಮಳೆ ಬಂದರೆ ಬೆಳೆ. ಅಜ್ಜಿ ಕೂರಿಗೆಯ ಹಿಂದೆ ನಡೆಯುತ್ತ, ಮಡಿಲಲ್ಲಿದ್ದ ಕಾಳನ್ನು ಬಿದಿರಿನ ಕೊಳವೆಗೆ ಬಿಡುತ್ತಿದ್ದಳು. ಸಾಸಿವೆ ಸಣ್ಣ ಕಾಳು, ಮುಷ್ಟಿ ಸಡಿಲಾದರೆ ಒಂದೇ ಕಡೆ ಸುರಿದುಬಿಡುತ್ತದೆ. ಅದಕ್ಕೇ ಮರಳು ಬೆರೆಸುತ್ತಿದ್ದಳು.

ಪದ್ಧತಿ ಹಳೆಯದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿ ಹೊಲದ ಅಕ್ಕಡಿ ಬೆಳೆಗಳ ವಿವರ ಬರೆದಿಟ್ಟಿದ್ದಾನೆ.

ಪೈರು ಗೇಣುದ್ದ ಬಂದಾಗ ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದರು. ಉಳಿದ ಕಳೆಯನ್ನು ಹೆಂಗಸರು ಕೂತು ಕೀಳುತ್ತಿದ್ದರು. ಕಿತ್ತದ್ದೆಲ್ಲ ಬದುವಿಗೆ ಹೋಗುತ್ತಿತ್ತು, ಅಣ್ಣೆಸೊಪ್ಪು ಮಾತ್ರ ಹೋಗುತ್ತಿರಲಿಲ್ಲ. ಒತ್ತಾಗಿ ಹುಟ್ಟಿದ ಕಡೆ ಕಿತ್ತ ಎಳೆ ಸಾಸಿವೆ ಸೊಪ್ಪಿನ ಜೊತೆ ಅದೂ ಮಡಿಲು ಸೇರಿ, ರಾತ್ರಿ ಮುದ್ದೆಗೆ ಬೆರಕೆಸೊಪ್ಪಿನ ಸಾರಾಗುತ್ತಿತ್ತು. ಆ ಒಗರು, ಆ ಘಾಟು ನನ್ನ ನಾಲಿಗೆಯಲ್ಲಿ ಇನ್ನೂ ಇದೆ.

ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ರಾಗಿಯ ಇಳುವರಿ ಹೆಚ್ಚಿಸಿ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದವು. ಆ ಋಣ ದೊಡ್ಡದು. ಅಕ್ಕಡಿಗೆ ನಮ್ಮೂರಲ್ಲಿ ಪೆಟ್ಟು ಬಿದ್ದದ್ದು ಆ ತಳಿಗಳಿಂದಲ್ಲ, ಕಳೆನಾಶಕದಿಂದ. ರಾಗಿಯನ್ನು ಉಳಿಸಿ ಅಗಲ ಎಲೆಯ ಕಳೆ ಸುಡುವ 2,4-ಡಿ ಔಷಧಿಗೆ ಸಾಸಿವೆಯೂ ಕಳೆಯೇ, ಅವರೆಯೂ ಕಳೆಯೇ. ಕೂಲಿಯಾಳು ಸಿಗದ ರೈತನನ್ನು ನಾನು ದೂರಲಾರೆ.

ಅಕ್ಕಡಿ ಬೀಜ ಇನ್ನೂ ಮಡಕೆಯಲ್ಲಿ ಕಾಪಿಟ್ಟವರಿದ್ದರೆ, ಈ ಮುಂಗಾರಿಗೆ ಒಂದು ಸಾಲಾದರೂ ಬಿತ್ತಿ. ಆ ಸಾಲಿಗೆ ಔಷಧಿ ತಾಗಿಸಬೇಡಿ.