ಪಟ್ಟು ಮತ್ತು ಬೆರಳಿನ ಲೆಕ್ಕ: ಕಾದಾಟದ ವಿಡಿಯೋ ಗೇಮ್‌ಗಳಲ್ಲಿ ಬಟನ್ ಮ್ಯಾಶಿಂಗ್

ಕಾದಾಟದ ವಿಡಿಯೋ ಗೇಮ್‌ಗಳ ಕುರಿತ ಮಾತಿನಲ್ಲಿ ‘ಬಟನ್ ಮ್ಯಾಶಿಂಗ್’ ಎಂಬುದು ಬೈಗುಳವಾಗಿಯೇ ಹೆಚ್ಚು ಬಳಕೆಯಾಗುತ್ತದೆ. ಆಟ ಬಾರದವನು ಕೈಗೆ ಸಿಕ್ಕ ಬಟನ್‌ಗಳನ್ನೆಲ್ಲ ಕುಟ್ಟುತ್ತಾನೆ, ಬಲ್ಲವನು ಬೇಕಾದ ಬಟನ್ನನ್ನು ಬೇಕಾದ ಗಳಿಗೆಯಲ್ಲಷ್ಟೇ ಒತ್ತುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಅದೇ ಬಲ್ಲವನು ಎದುರಾಳಿಯ ಹಿಡಿತಕ್ಕೆ ಸಿಕ್ಕಾಗ ಅವನೂ ಕುಟ್ಟಲೇಬೇಕಾದ ಆಟಗಳು ಹಲವಿವೆ. ಕನ್ನಡದಲ್ಲಿ ‘ಪಟ್ಟು’ ಎಂದರೆ ಕುಸ್ತಿಯ ಹಿಡಿತವೂ ಹೌದು, ಬಿಡದ ಹಟವೂ ಹೌದು. ಹಿಡಿತದ ಪಟ್ಟನ್ನು ಹಟದ ಪಟ್ಟಿನಿಂದ ಬಿಡಿಸಿಕೊಳ್ಳುವುದೇ ಮ್ಯಾಶಿಂಗ್ ಎಂದು ಮೇಲುನೋಟಕ್ಕೆ ತೋರುತ್ತದೆ. ಆ ಮೇಲುನೋಟ ಸಾಲದು ಎನ್ನುವುದು ಈ ಲೇಖನದ ವಾದ. ಹಿಡಿತದಲ್ಲಿ ನಡೆಯುವ ಮ್ಯಾಶಿಂಗ್ ಸಿಕ್ಕಿಬಿದ್ದವನ ಬಲಪರೀಕ್ಷೆಗಿಂತ ಹೆಚ್ಚಾಗಿ ಹಿಡಿದವನ ಲೆಕ್ಕವನ್ನು ಕೆಡಿಸುವ ಉಪಾಯ. ಅದರ ಬೆಲೆಯನ್ನು ಅಳೆಯಬೇಕಾದದ್ದೂ ಅಲ್ಲಿಯೇ.

ಯಂತ್ರ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಈ ಜಾತಿಯ ಆಟಗಳಲ್ಲಿ ಬಹುಪಾಲು ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುತ್ತವೆ. ಒಂದು ಫ್ರೇಮಿನ ಆಯುಸ್ಸು ಸುಮಾರು 16.7 ಮಿಲಿಸೆಕೆಂಡು. ಬಟನ್ನನ್ನು ಎಷ್ಟು ಹೊತ್ತು ಅದುಮಿ ಹಿಡಿದರೂ ಅದು ಒಂದೇ ಒತ್ತು. ಲೆಕ್ಕಕ್ಕೆ ಸೇರುವುದು ಬಿಟ್ಟಿದ್ದ ಬಟನ್ ಒತ್ತಿದ ಸ್ಥಿತಿಗೆ ಬರುವ ಕ್ಷಣ ಮಾತ್ರ. ಒಂದು ಫ್ರೇಮಿನಲ್ಲಿ ಒತ್ತಿ ಮುಂದಿನದರಲ್ಲಿ ಬಿಡುವವರು ಯಾರಾದರೂ ಇದ್ದರೆ, ಒಂದು ಬಟನ್ನಿನಿಂದ ಸೆಕೆಂಡಿಗೆ 30 ಒತ್ತುಗಳು ದಕ್ಕುತ್ತವೆ. ಮನುಷ್ಯರ ಬೆರಳು ಅದರ ಹತ್ತಿರಕ್ಕೂ ಹೋಗದು. ನರವೈದ್ಯಕೀಯದಲ್ಲಿ ಬಳಸುವ ತೋರುಬೆರಳು ತಟ್ಟುವ ಪರೀಕ್ಷೆಯಲ್ಲಿ ಆರೋಗ್ಯವಂತ ವಯಸ್ಕರು 10 ಸೆಕೆಂಡಿಗೆ 50ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. 1980ರ ದಶಕದ ಜಪಾನಿನಲ್ಲಿ ಹಡ್ಸನ್ ಕಂಪನಿಯ ತಕಹಾಶಿ ಮೇಯ್ಜಿನ್ ಸೆಕೆಂಡಿಗೆ 16 ಒತ್ತುಗಳ ಖ್ಯಾತಿಯಿಂದಲೇ ಮಕ್ಕಳ ಪಾಲಿನ ನಾಯಕನಾದ. ಯಂತ್ರದ ಮಿತಿಯ ಅರ್ಧವನ್ನು ಕೊಂಚವಷ್ಟೇ ದಾಟಿದ್ದಕ್ಕೆ ಅಷ್ಟು ಖ್ಯಾತಿ! ಯಂತ್ರಕ್ಕೂ ಬೆರಳಿಗೂ ನಡುವಿನ ಈ ಅಂತರದಲ್ಲೇ ತಂತ್ರಗಳು ಹುಟ್ಟಿದವು. ಒಂದು ಬೆರಳು ಸಾಲದಿದ್ದರೆ ಮೂರು ಬೆರಳುಗಳನ್ನು ಮೂರು ಬಟನ್‌ಗಳ ಮೇಲೆ ಹಾರ್ಮೋನಿಯಂ ಮನೆಗಳ ಮೇಲೆ ಆಡಿಸಿದಂತೆ ಸರಸರನೆ ಹರಿಸುವುದು. ಎಡಗೈಯಲ್ಲಿ ಸ್ಟಿಕ್ಕನ್ನು ದಿಕ್ಕು ಬದಲಿಸುತ್ತ ಅಲ್ಲಾಡಿಸುವುದು. ಮಣಿಕಟ್ಟನ್ನು ಬಿಗಿದು ಮುಂಗೈಯನ್ನೇ ನಡುಗಿಸುವುದು. ಕೊನಾಮಿಯ 1983ರ ‘ಟ್ರ್ಯಾಕ್ ಆ್ಯಂಡ್ ಫೀಲ್ಡ್’ ಆಟದಲ್ಲಂತೂ ಓಟದ ಬಟನ್ನಿಗೆ ಸ್ಕೇಲುಪಟ್ಟಿಯನ್ನು ಮಿಡಿದು ಓಡಿಸಿದವರಿದ್ದರು. ಇವೆಲ್ಲವೂ ಯಂತ್ರ ಯಾವುದನ್ನು ಬೇರೆ ಬೇರೆ ಒತ್ತು ಎಂದು ಗುರುತಿಸುತ್ತದೆ ಎಂಬುದನ್ನು ಓದಿಕೊಂಡ ಫಲ. ತಿಳಿವಳಿಕೆಯಿಲ್ಲದ ಕುಟ್ಟಾಟ ಎಂಬ ಬೈಗುಳ ಇಲ್ಲಿಯೇ ಅರ್ಧ ಸೋಲುತ್ತದೆ.

ಉಳಿದರ್ಧಕ್ಕೆ ಹಿಡಿತದ ಒಳರಚನೆಯನ್ನೇ ನೋಡಬೇಕು. 1991ರ ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಹೋಂಡಾನ ಅಪ್ಪುಗೆ, ಬ್ಲಾಂಕಾನ ಕಚ್ಚು ಮುಂತಾದ ಹಿಡಿತಗಳಲ್ಲಿ ಸಿಕ್ಕವನು ಸ್ಟಿಕ್ ಅಲ್ಲಾಡಿಸಿ, ಬಟನ್ ಕುಟ್ಟಿ ಬೇಗ ಪಾರಾಗಬಹುದಿತ್ತು. ಹಿಡಿದವನೂ ಕುಟ್ಟಿ ಪೆಟ್ಟುಗಳನ್ನು ಹೆಚ್ಚಿಸಬಹುದಿತ್ತು. ಅದು ನೇರವಾದ ಹಗ್ಗಜಗ್ಗಾಟ. ನಿಂಟೆಂಡೊದ ‘ಸೂಪರ್ ಸ್ಮ್ಯಾಷ್ ಬ್ರದರ್ಸ್’ ಸರಣಿ ಈ ಹಗ್ಗಜಗ್ಗಾಟವನ್ನು ಸೂಕ್ಷ್ಮವಾದ ಜೂಜಾಗಿ ಮಾರ್ಪಡಿಸಿತು. 2001ರ ‘ಮೆಲೀ’ ಆಟದಲ್ಲಿ ಹಿಡಿತಕ್ಕೆ ಒಂದು ಅವಧಿಯುಂಟು. ಸಿಕ್ಕವನ ಮೈಮೇಲೆ ಪೆಟ್ಟಿನ ಶೇಕಡಾ ಹೆಚ್ಚಿದ್ದಷ್ಟೂ ಆ ಅವಧಿ ಹಿಗ್ಗುತ್ತದೆ. ಅವನು ಒತ್ತಿದ ಪ್ರತಿ ಬಟನ್, ತಿರುಗಿಸಿದ ಪ್ರತಿ ದಿಕ್ಕು ಅದರಿಂದ ಒಂದಿಷ್ಟನ್ನು ಕಳೆಯುತ್ತದೆ. ಹಿಡಿದವನ ಮುಂದೆ ಆಗ ಒಂದು ಪ್ರಶ್ನೆ ನಿಲ್ಲುತ್ತದೆ: ಇನ್ನೊಂದು ಗುದ್ದು ಕೊಡಲೇ, ಈಗಲೇ ಎತ್ತಿ ಎಸೆಯಲೇ? ಅವಧಿ ಗೊತ್ತಿದ್ದಿದ್ದರೆ ಇದು ಬರೀ ಕೂಡುಕಳೆಯುವ ಲೆಕ್ಕ. ಪರದೆಯ ಮೇಲಿನ ಶೇಕಡಾ ನೋಡಿ ಎರಡು ಗುದ್ದೋ ಮೂರೋ ಎಂದು ತೀರ್ಮಾನಿಸಬಹುದಿತ್ತು. ಆದರೆ ಎದುರಾಳಿ ಎಷ್ಟು ಒತ್ತುತ್ತಿದ್ದಾನೆ ಎಂಬುದು ಪರದೆಯ ಮೇಲೆ ಅಂಕಿಯಾಗಿ ಬರುವುದಿಲ್ಲ. ಅತಿಯಾಸೆಪಟ್ಟು ಒಂದು ಗುದ್ದು ಹೆಚ್ಚಿಗೆ ಕೊಡಹೋದವನ ಕೈಯಿಂದ ಬೇಟೆ ಜಾರುತ್ತದೆ. ಮ್ಯಾಶಿಂಗ್ ನಿಜವಾಗಿ ಕೆಲಸ ಮಾಡುವುದು ಈ ಅನಿಶ್ಚಿತತೆಯ ಮೂಲಕ.

ಇದಕ್ಕೆ ತಿರುಗುಮುರುಗಾದ ಸಾಕ್ಷಿಯೂ ಅದೇ ಆಟದಲ್ಲಿದೆ. ‘ಮೆಲೀ’ಯ ಐಸ್ ಕ್ಲೈಂಬರ್ಸ್ ಎಂಬುದು ಜೋಡಿ ಪಾತ್ರ. ಒಬ್ಬರು ಹಿಡಿದು, ಇನ್ನೊಬ್ಬರು ಸರಿಯಾದ ತಾಳದಲ್ಲಿ ಹೊಡೆಯುತ್ತ ಹೋದರೆ ಸಿಕ್ಕವನು ಎಷ್ಟು ಕುಟ್ಟಿದರೂ ಬಿಡುಗಡೆಯಿಲ್ಲ. ‘ವಾಬ್ಲಿಂಗ್’ ಎಂದು ಹೆಸರಾದ ಈ ವರಸೆಯನ್ನು ಕಾಲಕ್ರಮೇಣ ಹಲವು ಪಂದ್ಯಾವಳಿಗಳು ನಿಷೇಧಿಸಿದವು. ಆ ಆಟದಲ್ಲಿ ಕ್ರೂರವಾದ ವರಸೆಗಳಿಗೆ ಬರವಿಲ್ಲ, ಅವೆಲ್ಲವೂ ನಿಷೇಧವಾಗಲಿಲ್ಲ. ಇದರ ಮೇಲೆ ಮಾತ್ರ ಅಷ್ಟು ಸಿಟ್ಟೇಕೆ? ಹಿಡಿದವನಿಗೆ ಊಹೆಯ ಕಷ್ಟವೇ ಉಳಿಯದೆ, ತಾಳ ತಪ್ಪದಿದ್ದರೆ ಸಾಕು ಎನ್ನುವಂತಾಗಿತ್ತು. ಸಿಕ್ಕವನು ಕಂಟ್ರೋಲರ್ ಕೆಳಗಿಟ್ಟರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಇನ್ನು ಅದೇ ಸರಣಿಯ 2008ರ ‘ಬ್ರಾಲ್’ ಆಟ ಬಿಡಿಸಿಕೊಳ್ಳುವುದೆಂದರೆ ಗೆಲುವು ಎಂಬ ಎಣಿಕೆಯನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿ ಹಿಡಿತ ಕಳಚಿಕೊಳ್ಳುವುದರಲ್ಲಿ ಎರಡು ಬಗೆ: ನೆಲದ ಮೇಲೇ ಹಿಂದೆ ಸರಿಯುವುದು, ಗಾಳಿಗೆ ಚಿಮ್ಮುವುದು. ಕುಟ್ಟುವಾಗ ಜಿಗಿತದ ಬಟನ್ನೂ ಸೇರಿಹೋದರೆ ಎರಡನೆಯದು ಆಗಬಹುದು. ವಾರಿಯೊ ಎಂಬ ಪಾತ್ರ ಗಾಳಿಗೆ ಚಿಮ್ಮಿದರೆ ಎದುರಿನ ಹಲವು ಪಾತ್ರಗಳಿಗೆ ಅದು ಸುಗ್ಗಿ. ನೆಸ್ ಮತ್ತು ಲುಕಾಸ್ ಪಾತ್ರಗಳು ನೆಲದ ಮೇಲೆ ಕಳಚಿಕೊಂಡರೆ ಮಿಕ್ಕವರಿಗಿಂತ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದುದರಿಂದ ಮಾರ್ತ್ ಎಂಬ ಇನ್ನೊಂದು ಪಾತ್ರ ಅವರನ್ನು ಮತ್ತೆ ಮತ್ತೆ ಹಿಡಿಯಬಲ್ಲುದಾಗಿತ್ತು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಹೀಗಾಗಿ ಎಷ್ಟು ಕುಟ್ಟಬೇಕು ಎಂಬುದರ ಜೊತೆಗೆ ಯಾವುದನ್ನು ಕುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವೂ ತಂತ್ರದ ಭಾಗವಾಯಿತು. ಒತ್ತುಗಳನ್ನು ಕೆಲವು ಫ್ರೇಮ್‌ಗಳ ಕಾಲ ನೆನಪಿಟ್ಟುಕೊಳ್ಳುವ ಆಟಗಳಲ್ಲಿ ಕೊನೆಯ ಒತ್ತು ಬಿಡುಗಡೆಯಾದೊಡನೆ ಬೇಡದ ಜಿಗಿತವಾಗಿಯೋ ಹೊಡೆತವಾಗಿಯೋ ಹೊರಬೀಳುತ್ತದೆ. ಅನುಭವಿ ಎದುರಾಳಿ ಅದನ್ನೇ ಕಾದು ಕುಳಿತಿರುತ್ತಾನೆ.

ಇಷ್ಟೆಲ್ಲ ಜಟಿಲತೆ ಏಕೆ, ಒಂದೇ ಸರಿಯಾದ ಒತ್ತಿನಿಂದ ಪಟ್ಟು ಬಿಡಿಸುವ ವ್ಯವಸ್ಥೆ ಮೇಲಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ ಎಸೆತದ ಗಳಿಗೆಗೆ ಸರಿಯಾಗಿ ಒತ್ತಿದವನ ಪೆಟ್ಟನ್ನು ತಗ್ಗಿಸಿತು. ‘ಟೆಕ್ಕೆನ್’ ಸರಣಿಯಲ್ಲಿ ಎದುರಾಳಿ ಚಾಚಿದ ತೋಳು ಎಡವೋ ಬಲವೋ ಎರಡೂ ಹೌದೋ ಎಂದು ಕಣ್ಣಿಟ್ಟು ನೋಡಿ, ತಕ್ಕ ಬಟನ್ ಒತ್ತಬೇಕು. ಇವು ಸೊಗಸಾದ ರಚನೆಗಳೇ. ಆದರೆ ಇವು ಎತ್ತುವ ಪ್ರಶ್ನೆ ಬೇರೆ. ಅಲ್ಲಿ ಹಿಡಿತ ಒಂದು ಕ್ಷಣದ ಘಟನೆ. ಬಿಡಿಸಿದರೆ ಬಿಡಿಸಿದಂತೆ, ಇಲ್ಲದಿದ್ದರೆ ಎಸೆತ ಪೂರ್ತಿಯಾಗುವವರೆಗೆ ಸಿಕ್ಕವನು ಪ್ರೇಕ್ಷಕ. ‘ಸ್ಮ್ಯಾಷ್’ನಲ್ಲಿ ಹಿಡಿತ ಒಂದು ಅವಧಿ, ಆ ಅವಧಿಯೊಳಗೆ ಇಬ್ಬರೂ ತೀರ್ಮಾನಿಸುತ್ತಲೇ ಇರುತ್ತಾರೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದು. ಪಳಗಿದವರೆಲ್ಲರೂ ಗರಿಷ್ಠ ವೇಗದಲ್ಲೇ ಕುಟ್ಟುವುದಾದರೆ ಆ ವೇಗ ಹೆಚ್ಚುಕಡಿಮೆ ಸ್ಥಿರಾಂಕವಾಗಿ ಅನಿಶ್ಚಿತತೆ ಅಳಿಯುವುದಿಲ್ಲವೇ? ಅಳಿಯುವುದಿಲ್ಲ, ಏಕೆಂದರೆ ವೇಗ ಸಮವಾದರೂ ಆರಂಭ ಸಮವಾಗುವುದಿಲ್ಲ. ಹಿಡಿತವನ್ನು ನಿರೀಕ್ಷಿಸಿದ್ದವನ ಬೆರಳು ಸಿಕ್ಕ ಮರುಕ್ಷಣವೇ ಚಲಿಸುತ್ತದೆ. ಗುರಾಣಿಯನ್ನೋ ಜಿಗಿತವನ್ನೋ ಯೋಚಿಸುತ್ತಿದ್ದವನಿಗೆ ಪರಿಸ್ಥಿತಿ ಅರಿವಾಗಲು ಹತ್ತಾರು ಫ್ರೇಮ್‌ಗಳು ಬೇಕು. ಹಿಡಿದವನು ಊಹಿಸಬೇಕಾದದ್ದು ಎದುರಾಳಿಯ ಸ್ನಾಯುವನ್ನಲ್ಲ, ಅವನ ನಿರೀಕ್ಷೆಯನ್ನು.

ದೇಹದ ಅಸಮಾನತೆಯ ಪ್ರಶ್ನೆಯನ್ನು ಮಾತ್ರ ಹೀಗೆ ಸುಲಭವಾಗಿ ತಳ್ಳಿಹಾಕಲಾಗದು. ಕಾದಾಟದ ಆಟವಲ್ಲದಿದ್ದರೂ 1998ರ ‘ಮಾರಿಯೋ ಪಾರ್ಟಿ’ ಇಲ್ಲಿ ಪ್ರಸ್ತುತ. ಸ್ಟಿಕ್ಕನ್ನು ಗರಗರನೆ ತಿರುಗಿಸುವ ಅದರ ಪಂದ್ಯಗಳಲ್ಲಿ ಮಕ್ಕಳ ಅಂಗೈಗಳು ಗಾಯಗೊಂಡವು. 2000ದಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿಯೊಂದಿಗಿನ ಒಪ್ಪಂದದಂತೆ ನಿಂಟೆಂಡೊ ಕೈಗವಸುಗಳನ್ನು ಒದಗಿಸಬೇಕಾಯಿತು. ಸಂಧಿವಾತವಿರುವವರಿಗೆ, ಒಂದೇ ಕೈ ಆಡುವವರಿಗೆ ಮ್ಯಾಶಿಂಗ್ ಗೋಡೆಯಾಗಿಯೇ ನಿಲ್ಲುತ್ತದೆ. 2018ರ ‘ಗಾಡ್ ಆಫ್ ವಾರ್’, 2020ರ ‘ದ ಲಾಸ್ಟ್ ಆಫ್ ಅಸ್ ಭಾಗ 2’ ಆಟಗಳು ಕುಟ್ಟುವ ಬದಲು ಅದುಮಿ ಹಿಡಿಯುವ ಆಯ್ಕೆ ಕೊಟ್ಟವು. ಅವು ಒಬ್ಬರೇ ಆಡುವ ಕಥಾನಕಗಳು. ಹಿಡಿದ ರಾಕ್ಷಸನಿಗೆ ಲೆಕ್ಕ ಕೆಡುವ ಭಯವಿಲ್ಲವಾದ್ದರಿಂದ ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಇಬ್ಬರ ಕಾದಾಟಕ್ಕೂ ಇದೇ ತರ್ಕದಿಂದ ಒಂದು ದಾರಿ ತೋರುತ್ತದೆ. ಮ್ಯಾಶಿಂಗ್‌ನ ಬೆಲೆ ಇರುವುದು ವೇಗದಲ್ಲಲ್ಲ, ಆರಂಭದ ಗಳಿಗೆಯ ಗುಟ್ಟಿನಲ್ಲಿ ಎಂದಾದರೆ, ಸೆಕೆಂಡಿಗೆ ಇಷ್ಟಕ್ಕಿಂತ ಹೆಚ್ಚಿನ ಒತ್ತನ್ನು ಆಟ ಎಣಿಸದಿರಬಹುದು. ಆ ಮಿತಿಯನ್ನು ಸೆಕೆಂಡಿಗೆ ಐದರ ಆಸುಪಾಸಿಗೆ ತಂದು, ಅದುಮಿ ಹಿಡಿದದ್ದನ್ನೂ ಅಷ್ಟೇ ಒತ್ತುಗಳೆಂದು ಪರಿಗಣಿಸಿದರೆ, ತಕಹಾಶಿಯ 16 ಒತ್ತಿಗೆ ಹೆಚ್ಚುವರಿ ಲಾಭ ಸಿಗದು, ನೋಯುವ ಮಣಿಕಟ್ಟಿಗೆ ದಂಡವೂ ಬೀಳದು. ಹಿಡಿದವನಾದರೋ ಆಗಲೂ ಇನ್ನೊಂದು ಗುದ್ದು ಕೊಡುವ ಮುನ್ನ ಯೋಚಿಸಲೇಬೇಕು.